ಬೆರ್ಚಮ್ಮನ ಬಾಯಿ

ನನ್ನ ಬಾಯಿ ದೊಡ್ಡದು ಅಂತ ಊರಿಗೆಲ್ಲ ಗೊತ್ತು. ನಾನೂ ಅಲ್ಲ ಅನ್ನುವುದಿಲ್ಲ. ಆದರೆ ಅದನ್ನು ಅಷ್ಟು ದೊಡ್ಡದಾಗಿ ಬಿಡಿಸಿದವರು ಯಾರು ಅಂತ ಕೇಳಿದರೆ ಸಾಕು, ನಮ್ಮೂರಿನ ಹೆಂಗಸರು ಅಧ್ಯಕ್ಷರ ಮನೆಯ ಕಡೆ ನೋಡಿ ಸೆರಗಿನೊಳಗೇ ನಗುತ್ತಾರೆ. ಆ ನಗು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಅರ್ಧಕ್ಕೆ ಎದ್ದು ಹೋಗುವವರು ಈಗಲೇ ಹೋಗಬಹುದು.

ನನ್ನ ಹೆಸರು ಕೆಂಪಾಜಮ್ಮ. ಬೆರ್ಚಪ್ಪ ಮಾಡುವುದು ನನ್ನ ಕಸುಬು. ಎರಡು ಗಳ ಅಡ್ಡಡ್ಡ ಕಟ್ಟಿ, ರಾಗಿ ಹುಲ್ಲು ತುಂಬಿ, ಗೋಣಿತಾಟು ಸುತ್ತಿ, ಮೇಲೆ ಸುಣ್ಣ ಬಳಿದ ಮಡಕೆ ಕವುಚಿ ಹೊಲದಲ್ಲಿ ನಿಲ್ಲಿಸುವ ಬೊಂಬೆ ಯಾವ ಊರಲ್ಲಿಲ್ಲ? ಬೇರೆ ಕಡೆ ಆ ಮಡಕೆಗೆ ಎರಡು ಕಣ್ಣು, ಒಂದು ಮೀಸೆ ಬರೆದರೆ ಕೆಲಸ ಮುಗಿಯಿತಂತೆ. ನಮ್ಮೂರಿನ ಹಕ್ಕಿಗಳು ಅಂಥದ್ದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ಬೊಂಬೆ ಊರಿನ ಯಾರೋ ಒಬ್ಬರ ಹಾಗೆ ಇರಬೇಕು. ಅವರು ಉಟ್ಟು ಬಿಟ್ಟ ಬಟ್ಟೆ, ಅವರದೇ ಹುಬ್ಬು, ಅವರದೇ ಗೂನು. ಗಂಡಸಿನ ಹಾಗಿದ್ದರೆ ಬೆರ್ಚಪ್ಪ, ಹೆಂಗಸಿನ ಹಾಗಿದ್ದರೆ ಬೆರ್ಚಮ್ಮ. ಹೋಲಿಕೆ ಕೂಡಿಬಂದ ಗಳಿಗೆಗೆ ಆ ಮನುಷ್ಯ ಎಲ್ಲಿದ್ದರೂ ಅವನ ಅಂಗಾಲು ತಣ್ಣಗಾಗುತ್ತದೆ. ಅಲ್ಲಿಂದ ಕುಯ್ಲಿನ ತನಕ ಹೊಲಕ್ಕೆ ಏನೇನಾಗುತ್ತದೋ ಅವನಿಗೂ ಅದೇ ಆಗುತ್ತದೆ. ಇದಕ್ಕೆ ನಮ್ಮಲ್ಲಿ ನಿಲ್ಲುವುದು ಅನ್ನುತ್ತಾರೆ.

ಕೆರೆಯ ಹಿಂದೆ ಊರಿಗೆಲ್ಲ ಸೇರಿದ ಒಂದು ಹೊಲವಿದೆ. ರಾಗಿಯೇ ಅದರ ಮುಖ್ಯ ಬೆಳೆ. ನಡುನಡುವೆ ಅವರೆ, ಹುಚ್ಚೆಳ್ಳು, ಜೋಳ, ತೊಗರಿಯ ಅಕ್ಕಡಿ ಸಾಲುಗಳು. ಯಾವ ಸಾಲಿನ ಪಕ್ಕ ಯಾವುದು ಬರಬೇಕು, ಹುಚ್ಚೆಳ್ಳಿನ ಹಳದಿ ಎಲ್ಲಿ ಬಿದ್ದರೆ ಚೆಂದ, ಜೇನುಹುಳ ಯಾವ ಕಡೆಯಿಂದ ಬರುತ್ತದೆ, ಇದನ್ನೆಲ್ಲ ಬಿತ್ತನೆಗೆ ಮೊದಲು ಹೆಂಗಸರು ಕೆರೆ ಏರಿಯ ಮೇಲೆ ಕೂತು, ಮದುವೆ ಸೀರೆಗೆ ಅಂಚು ಆರಿಸುವಾಗ ಆಡುವಷ್ಟೇ ಜಗಳ ಆಡಿ ತೀರ್ಮಾನ ಮಾಡುತ್ತಾರೆ. ಕೊನೆಯ ಜೋಳದ ಸಾಲು ಹಕ್ಕಿಗಳದು. ಕಾಳು ಬಲಿತ ಮೇಲೆ ಬೊಂಬೆಯನ್ನು ತಿರುಗಿಸಿ ಆ ಸಾಲಿಗೆ ಬೆನ್ನು ಕೊಡುತ್ತೇವೆ. ಹಕ್ಕಿಗಳು ಬಂದು ತಿನ್ನುವಾಗ, ನಿಂತವರಿಗೆ ಯಾರೋ ತಲೆ ಬಿಚ್ಚಿ ಹೇನು ನೋಡುತ್ತಿರುವ ಹಾಗೆ ಹಿತವಾಗಿ ನಿದ್ದೆ ಬರುತ್ತದೆ.

ಆ ಹೊಲಕ್ಕೆ ನಿಲ್ಲುವುದು ಮನೆ ಮನೆಯ ಸರದಿ. ನಿಂತವರು ಬೆಳಿಗ್ಗೆ ಎದ್ದು ಜಗಲಿಯ ಮೇಲೆ ಕೂತು, "ಎಡಗಾಲಿನ ಹೆಬ್ಬೆಟ್ಟು ಒಣಗ್ತಾ ಐತೆ ಕಣ್ರಪ್ಪ" ಅಂದರೆ ಆ ಮೂಲೆಯ ಕಾಲುವೆ ಕಟ್ಟಿಕೊಂಡಿದೆ ಅಂತ ಅರ್ಥ. "ಸೊಂಟದಲ್ಲಿ ಏನೋ ಕೊರೀತೈತೆ" ಅಂದರೆ ಜೋಳದ ಕಾಂಡಕ್ಕೆ ಹುಳ ಬಿದ್ದಿದೆ. ಹೊತ್ತೇರುವ ಮೊದಲೇ ಜನ ಹೋಗಿ ಸರಿ ಮಾಡಿ ಬರುತ್ತಾರೆ. ಹೊಲ ಮಾತಾಡಿತು, ನಾವು ಕೇಳಿದೆವು, ಅಷ್ಟೇ. ಕಷ್ಟ ಇಲ್ಲವೇ? ಇದೆ. ಬಿಸಿಲಿಗೆ ನೆತ್ತಿ ಸುಡುತ್ತದೆ. ಕಳೆ ಕೀಳುವ ದಿನ ಯಾರೋ ಕೂದಲು ಹಿಡಿದು ಕಿತ್ತ ಹಾಗಾಗುತ್ತದೆ. ಸಾಕು ಸಾಕಾದರೂ ಕುಯ್ಲಿಗೆ ಮೊದಲು ಬೊಂಬೆ ಕೀಳುವ ಹಾಗಿಲ್ಲ. ಕಿತ್ತರೆ, ಅದಕ್ಕೆ ಸೇರಿದ ಮೈಯಲ್ಲಿ ಆಮೇಲೆ ನೋವೂ ಇಲ್ಲ, ಹಿತವೂ ಇಲ್ಲ, ಮರಗಟ್ಟಿದ ಹಾಗೆ ಇದ್ದುಬಿಡುತ್ತದೆ.

ಇನ್ನೊಂದು ಮಾತು. ಬೊಂಬೆಗೆ ಯಾರು ಕೈ ಹಾಕಿದರೂ ಅವರಿಗೂ ಅದರಲ್ಲಿ ಪಾಲು. ಯಾವ ಭಾಗ ಮುಟ್ಟಿದರೋ ಆ ಭಾಗಕ್ಕೆ. ನಾನು ಎಲ್ಲರ ಎಲ್ಲ ಭಾಗವನ್ನೂ ಮಾಡಿ ಮಾಡಿ ಅದೆಲ್ಲ ನನ್ನ ಬೆರಳುಗಳಿಗೇ ಇಳಿದುಬಿಟ್ಟಿದೆ. ಯಾವ ಹೊಲದಲ್ಲಿ ಏನಾದರೂ ಬೆರಳ ತುದಿ ಚುರುಗುಟ್ಟುತ್ತದೆ. ಬೇರೆಯವರಿಗೆ ಹಾಗಲ್ಲ. ಗಾರೆ ಕೆಲಸದ ಮುದ್ದಯ್ಯ ಒಂದು ಸಲ ದಾರಿಯಲ್ಲಿ ಹೋಗುತ್ತಿದ್ದವನು, ನಾನು ಒಣಗಲು ಇಟ್ಟಿದ್ದ ಬೊಂಬೆಯ ಕಿವಿ ಸೊಟ್ಟಗಿದೆ ಅಂತ ತಿದ್ದಿಬಿಟ್ಟ. ಆ ಹಂಗಾಮು ಪೂರ್ತಿ ಅವನ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಹೆಂಡತಿ ಕರೆದರೆ ಕೇಳುತ್ತಿರಲಿಲ್ಲ. ಅದರಿಂದ ಅವನಿಗೆ ಲಾಭವೇ ಆಯಿತು ಅಂತ ಅವನ ಹೆಂಡತಿಯೇ ಹೇಳುತ್ತಾಳೆ.

ಅವನು ಏಕೆ ಮುಟ್ಟಿದ ಅಂದರೆ, ತಡೆಯಲಾಗಲಿಲ್ಲ. ನಮ್ಮೂರಿನವರಿಗೆ ಅದೊಂದು ರೋಗ. ಹುಟ್ಟಿದಾಗಿನಿಂದ ಒಬ್ಬರ ಮುಖ ಒಬ್ಬರು ಅಳೆದು ನೋಡಿ ಬೆಳೆದವರು. ಹೋಲಿಕೆ ಎಲ್ಲೋ ಒಂದು ಕಡೆ ತಪ್ಪಿದರೆ ಕೈ ತುರಿಸುತ್ತದೆ. ಮದುವೆಮನೆಯಲ್ಲಿ ಫೋಟೋ ನೋಡಿದರೂ ಊಟ ಬಿಟ್ಟು ಅದನ್ನೇ ಆಡುತ್ತಾರೆ.

ಈಗ ಸಣ್ಣಸ್ವಾಮಿಯ ವಿಷಯ. ಅವನು ನಮ್ಮೂರಿನ ಪಂಚಾಯ್ತಿ ಅಧ್ಯಕ್ಷ, ನನಗಿಂತ ಚಿಕ್ಕವನು. ಎದುರಿನಲ್ಲಿ ಬಹುವಚನ ಕೊಡುತ್ತೇನೆ. ಕಥೆಯಲ್ಲಿ ಕೊಡುವುದಿಲ್ಲ, ಕಥೆ ನನ್ನದು. ಹುಡುಗನಾಗಿದ್ದಾಗ ಅವನೂ ಊರ ಹೊಲಕ್ಕೆ ನಿಂತಿದ್ದ. ಆ ವರ್ಷವೇ ಕಂಬಳಿಹುಳ ಬರಬೇಕೇ, ಆ ವರ್ಷವೇ ಅವನ ಮದುವೆಯೂ ಆಗಬೇಕೇ? ಹಸೆಮಣೆಯ ಮೇಲೆ ಕೂತು ಬೆನ್ನು, ಕಂಕುಳು, ಹೇಳಬಾರದ ಜಾಗ ಎಲ್ಲ ಕೆರೆದುಕೊಂಡ. ಹೆಣ್ಣಿನ ಕಡೆಯವರು ಕಜ್ಜಿ ಹುಡುಗನನ್ನು ಕಟ್ಟುತ್ತಿದ್ದಾರೆ ಅಂತ ಎದ್ದು ನಿಂತರು. ಮದುವೆ ಹೇಗೋ ಆಯಿತು, ಆದರೆ ಆ ಅವಮಾನ ಅವನು ಮರೆಯಲಿಲ್ಲ. ಅದನ್ನು ತಪ್ಪು ಅನ್ನುವುದಿಲ್ಲ. ನಾನಾಗಿದ್ದರೂ ಮರೆಯುತ್ತಿರಲಿಲ್ಲ.

ಅಧ್ಯಕ್ಷನಾದ ಮೇಲೆ ಮೊದಲು ತನ್ನ ಸ್ವಂತ ಹೊಲಕ್ಕೆ ಔಷಧಿ ಹೊಡೆಸಿದ. ಅಲ್ಲಿ ಅವನ ತಮ್ಮ ನಿಂತಿದ್ದ. ಬೆಳೆ ಇನ್ನೂ ಎಳೆಯದಿರುವಾಗಲೇ ಆ ಬೊಂಬೆಯನ್ನು ಕೀಳಿಸಿ, ಬೆನ್ನಿಗೆ ಡಬ್ಬಿ ಕಟ್ಟಿದ ಆಳುಗಳನ್ನು ಹೊಲಕ್ಕೆ ಇಳಿಸಿದ. ಹುಳ ಸತ್ತವು. ಅದರ ಹಿಂದೆ ಜೇನು ಹೋಯಿತು, ಜೇಡ ಹೋಯಿತು, ಗೀಜಗ ಹೋಯಿತು. ಬೆಳೆ ಬಂತು, ಬರಲಿಲ್ಲ ಅಂತ ಸುಳ್ಳು ಹೇಳಲಾರೆ. ಆದರೆ ಅವನ ತಮ್ಮ ಇವತ್ತಿಗೂ ಮುಳ್ಳು ತುಳಿದರೆ ರಕ್ತ ನೋಡಿ ತಿಳಿದುಕೊಳ್ಳುತ್ತಾನೆ. ಆ ಬೊಂಬೆ ಮಾಡಿದ್ದ ನನ್ನ ಬಲಗೈ ಕಿರುಬೆರಳು ಅವತ್ತೇ ಸತ್ತುಹೋಯಿತು. ಒಲೆಯ ಕೆಂಡಕ್ಕೆ ಇಟ್ಟರೂ ತಿಳಿಯುವುದಿಲ್ಲ. ಉಳಿದ ಬೆರಳುಗಳಲ್ಲಿ ಉಳಿದ ಹೊಲಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಊರ ಹೊಲ ಇತ್ತು. ಅದೂ ಹೋದರೆ ನನಗೆ ಕೈ ಇದ್ದೂ ಇಲ್ಲದ ಹಾಗೆ.

ಆ ವರ್ಷ ಸರದಿ ಹಿಟ್ಟಿನ ಗಿರಣಿಯ ಮಾಸ್ತಯ್ಯನದು. ಅವನು ಮೊಣಕಾಲು ನೋವು ಅಂತ ಹೇಳಿ ಮುಂದಕ್ಕೆ ಹಾಕುತ್ತಲೇ ಬಂದ. ರಾಗಿ ಮೊಣಕಾಲುದ್ದ ಆಯಿತು, ಹುಚ್ಚೆಳ್ಳು ಮೊಗ್ಗು ಕಟ್ಟಿತು, ಬೊಂಬೆಯೇ ಇಲ್ಲ. ಹೊಲಕ್ಕೆ ಬಾಯಾರಿದೆಯೋ ಹೊಟ್ಟೆನೋವೋ ಕೇಳುವವರಿಲ್ಲ. ಆಗ ಸಣ್ಣಸ್ವಾಮಿ ಗಿರಣಿಯ ಮುಂದೆ ಸಭೆ ಕರೆದ. ಸರ್ಕಾರದ ಮೇಲಿನವರು ಊರ ಹೊಲಕ್ಕೂ ಔಷಧಿ ಕೊಡುತ್ತಾರೆ, ಹಕ್ಕಿ ಓಡಿಸಲು ಢಂ ಢಂ ಅನ್ನುವ ಯಂತ್ರ ಕೊಡುತ್ತಾರೆ, ಮುಂದಿನ ವರ್ಷದಿಂದ ಅಕ್ಕಡಿ ಗಿಕ್ಕಡಿ ಬೇಡ, ಒಂದೇ ಬೆಳೆ ಅಂದ. ಕೊನೆಗೆ ದನಿ ತಗ್ಗಿಸಿ ಹೇಳಿದ, "ಇನ್ಮೇಲೆ ಈ ಊರಲ್ಲಿ ಯಾರೂ ನಿಲ್ಲಬೇಕಾಗಿಲ್ಲ ಕಣ್ರಪ್ಪ. ಯಾರ ಮಕ್ಕಳೂ ಹಸೆಮಣೆ ಮ್ಯಾಲೆ ಕೂತು ಕೆರ್ಕೋಬೇಕಾಗಿಲ್ಲ."

ಯಾರೂ ನಗಲಿಲ್ಲ. ಅವನು ಹೇಳಿದ್ದು ಎಲ್ಲರ ಮೈಗೂ ತಾಗಿತ್ತು. ಮಾಸ್ತಯ್ಯ ಮೊಣಕಾಲು ನೀವಿಕೊಳ್ಳುತ್ತಾ, "ವಸಿ ಆರಾಮಾಗಿರಬೌದು ಬುಡಿ" ಅಂದ. ತಲೆಗಳು ಹೌದೌದು ಅನ್ನತೊಡಗಿದವು. ನನಗೆ ರಕ್ತ ಕುದಿಯಿತು.

"ಆರಾಮಾಗಿರೋದು ಹೆಣ ಕಣೋ ಮಾಸ್ತಯ್ಯ!" ಅಂತ ಎದ್ದು ನಿಂತೆ. "ಸಣ್ಣಸ್ವಾಮಣ್ಣ, ನಿಮ್ಮ ತಮ್ಮನ್ನ ಕರೆದು ಅಂಗಾಲು ತೋರ್ಸಕ್ಕೇಳಿ. ಆ ಹೊಲಕ್ಕೆ ಔಷ್ದಿ ಹೊಡೆಯೋದಾದ್ರೆ ಮೊದಲು ನನ್ನ ಬಾಯಿಗೆ ಹೊಡೀರಿ!"

ಅವನು ಕೋಪ ಮಾಡಿಕೊಳ್ಳಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು. "ಅಕ್ಕ," ಅಂದ ಮೆಲ್ಲಗೆ, "ನೀನು ಯಾವತ್ತಾದ್ರೂ ನಿಂತಿದ್ದೀಯಾ?"

ನಿಂತಿರಲಿಲ್ಲ. ಬೊಂಬೆ ಮಾಡುವವಳ ಬೊಂಬೆ ಮಾಡುವವರು ಯಾರು? ನನ್ನ ಅಪ್ಪನೂ ನಿಂತವನಲ್ಲ. ಬೆರಳಿಗೆ ಪಾಲು ಬರುತ್ತದಲ್ಲ, ಅದೇ ನಮ್ಮ ಸರದಿ ಅಂತ ಊರೂ ಬಿಟ್ಟಿತ್ತು, ನಾವೂ ಬಿಟ್ಟಿದ್ದೆವು. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. "ಈ ವರ್ಷ ನಾನು ನಿಲ್ತೀನಿ" ಅಂದೆ. ಹೇಳಿದ ಮೇಲೆ ಹೆದರಿಕೆಯಾಯಿತು, ಆದರೆ ಹೇಳಿ ಆಗಿತ್ತು.

ಮನೆಗೆ ಹೋಗಿ ಗಳ ಕಟ್ಟಿದೆ. ನನ್ನ ಹಳೆಯ ಕಂದು ಸೀರೆ ಉಡಿಸಿದೆ. ಕನ್ನಡಿ ಎದುರಿಗಿಟ್ಟುಕೊಂಡು, ಹರಳೆಣ್ಣೆ ದೀಪದ ಕಾಡಿಗೆಯಲ್ಲಿ ಬೆರಳು ಅದ್ದಿ, ಮಡಕೆಯ ಮೇಲೆ ನನ್ನನ್ನೇ ಬರೆದುಕೊಂಡೆ. ಊರಿನ ಎಲ್ಲರನ್ನೂ ಕಣ್ಣು ಮುಚ್ಚಿ ಬರೆಯಬಲ್ಲ ನನಗೆ ನನ್ನ ಮುಖ ಬರಲಿಲ್ಲ. ಒರೆಸಿದೆ, ಬರೆದೆ, ಮತ್ತೆ ಒರೆಸಿದೆ. ಕಾಡಿಗೆ ಬಟ್ಟಲನ್ನೂ ಹಿಡಿದು ಹೊಲಕ್ಕೆ ಒಯ್ದು ನಿಲ್ಲಿಸಿದರೆ ಕಾಗೆಯೊಂದು ಬಂದು ನೇರ ಅದರ ನೆತ್ತಿಯ ಮೇಲೆ ಕೂತು, ಕುಂಡಿ ಎತ್ತಿ, ಮಾಡಬೇಕಾದ್ದು ಮಾಡಿತು. ನನ್ನ ಅಂಗಾಲು ಬೆಚ್ಚಗೇ ಇತ್ತು. ಬದುವಿನ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಆಗ ಜವರಮ್ಮ ಬಂದಳು. ಜವರಮ್ಮ ನನ್ನ ಪಕ್ಕದ ಮನೆಯವಳು. ಅವಳ ಕೋಳಿ ನನ್ನ ಹುಲ್ಲು ಕೆದರಿದ ಲಾಗಾಯ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಬೈಗುಳ ಮಾತ್ರ ಉಂಟು. ಅವಳು ಬೊಂಬೆಯ ಸುತ್ತ ಒಂದು ಸುತ್ತು ಬಂದು, ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಇದ್ಯಾರೇ ಇದು? ನಿನ್ನ ತಂಗಿನಾ?"

"ಹೋಗೇ ಸುಮ್ನೆ."

"ಅಲ್ಲ, ನಿಂಗೆ ಇಷ್ಟು ಚೆಂದದ ಮೂಗು ಯಾವಾಗ ಬಂತು ಅಂತ ಕೇಳ್ದೆ. ದಿನಾ ಬೇಲಿ ಮ್ಯಾಲಿಂದ ನೋಡ್ತೀನಿ, ಮೆಣಸಿನಕಾಯಿ ಬಜ್ಜಿ ಕಂಡಂಗೆ ಕಾಣ್ತದೆ."

ನಿಜವನ್ನೇ ಹೇಳಿದಳು. ನನ್ನನ್ನು ಬರೆಯುವಾಗ ನನ್ನ ಬೆರಳು ನನಗೇ ದಾಕ್ಷಿಣ್ಯ ತೋರಿಸಿತ್ತು. ಜವರಮ್ಮ ಕಾಡಿಗೆ ಬಟ್ಟಲಿಗೆ ಕೈ ಹಾಕಲು ಬಾಗಿದಳು. "ಮುಟ್ಟಬ್ಯಾಡ ಕಣೇ, ಪಾಲು ಬರ್ತದೆ. ಔಷ್ದಿ ಹೊಡೀತಾರೆ ನಾಳೆ ನಾಡಿದ್ದು" ಅಂದೆ.

"ಬರ್ಲಿ ಬುಡು," ಅಂದಳು. "ನಿನ್ನ ಬೈಯೋಕೆ ನೀನು ನೆಟ್ಟಗಿರಬೇಕಲ್ಲ." ಒಂದೇ ಎಳೆತಕ್ಕೆ ನನ್ನ ಮೂಗು ಬಂದುಬಿಟ್ಟಿತು. ಇಷ್ಟು ವರ್ಷ ಬೈದುಕೊಂಡೇ ಇದ್ದವಳು ನನ್ನನ್ನು ಇಷ್ಟು ಚೆನ್ನಾಗಿ ನೋಡಿದ್ದಳು ಅಂತ ನನಗೇನು ಗೊತ್ತು?

ಅವಳು ಊರೊಳಗೆ ಹೋಗಿ ಏನು ಹೇಳಿದಳೋ, ಜನ ಬರತೊಡಗಿದರು. ಮುದ್ದಯ್ಯ ಬಂದು, "ಹೆಂಗೂ ಕಿವಿ ಅಭ್ಯಾಸ ಆಗೈತೆ" ಅಂತ ಎರಡೂ ಕಿವಿ ಮಾಡಿದ. ಅವನ ಹೆಂಡತಿ ನನ್ನ ಹುಬ್ಬುಗಳ ನಡುವಿನ ಗಂಟು ಹಾಕಿದಳು. ಯಾರೋ ಸೆರಗನ್ನು ನಾನು ಸಿಕ್ಕಿಸುವ ಹಾಗೆ ಸೊಂಟಕ್ಕೆ ಸಿಕ್ಕಿಸಿದರು. ನಾನು ನಡೆಯುವಾಗ ಎಡ ಭುಜ ಮುಂದೆ ಬರುತ್ತದಂತೆ, ನನಗೇ ಗೊತ್ತಿರಲಿಲ್ಲ. ಅದನ್ನು ತಿರುಚಿ ಸರಿ ಮಾಡಿದರು. ಎಲ್ಲಕ್ಕಿಂತ ಕಡೆಗೆ ಮಾಸ್ತಯ್ಯ ಕುಂಟುತ್ತಾ ಬಂದ. ನನ್ನ ಮುಖ ನೋಡಲಿಲ್ಲ. ಬಗ್ಗಿ ಬೊಂಬೆಯ ಮೊಣಕಾಲಿನ ಹತ್ತಿರ ಹುಲ್ಲು ಬಿಗಿಮಾಡಿ ಕಟ್ಟಿದ. "ಇದೊಂದು ನಂಗೆ ಬರ್ತದೆ ಕಣಕ್ಕ" ಅಂದ. ನಾನು ಸಭೆಯಲ್ಲಿ ಅವನಿಗೆ ಹೆಣ ಅಂದಿದ್ದೆ.

ಆದರೂ ಅಂಗಾಲು ಬೆಚ್ಚಗೇ ಇತ್ತು. ಎಲ್ಲರೂ ಹಿಂದೆ ಸರಿದು ನೋಡಿದರು, ಓರೆಯಾಗಿ ನೋಡಿದರು, ಕಣ್ಣು ಕಿರಿದು ಮಾಡಿ ನೋಡಿದರು. ಎಲ್ಲೋ ಒಂದು ಕಡೆ ತಪ್ಪಿದೆ, ಎಲ್ಲಿ ಅಂತ ಗೊತ್ತಾಗುತ್ತಿಲ್ಲ. ಕಾಗೆ ಮತ್ತೆ ಬಂದು ತಲೆಯ ಮೇಲೆ ಕೂತಿತು. ಆ ಹೊತ್ತಿಗೆ ಸರಿಯಾಗಿ ಬಿಳಿ ಅಂಗಿಯ ಸಣ್ಣಸ್ವಾಮಿ ಬದುವಿನ ಮೇಲೆ ಬಂದ.

"ಏನಿದು ಜಾತ್ರೆ? ನಾಳೆ ಬೆಳಿಗ್ಗೆ ಔಷ್ದಿ ಹೊಡೆಯೋನು ಬರ್ತಾನೆ. ಅಷ್ಟರಲ್ಲಿ ಇದನ್ನ ಕಿತ್ತಾಕಿ. ಕಾಗೆ ಕೂತೈತಲ್ಲ, ಇದೊಂದು ಬೊಂಬೆನಾ?" ಅಂದ. ನಕ್ಕ. ಹಿಂದಿರುಗಿ ಹೋಗಲು ಎರಡು ಹೆಜ್ಜೆ ಇಟ್ಟ. ಆಮೇಲೆ ನಿಂತ. ಅವನ ಕುತ್ತಿಗೆ ಓರೆಯಾಯಿತು, ಕಣ್ಣು ಕಿರಿದಾಯಿತು. ಅವನೂ ನಮ್ಮೂರಿನವನೇ ಅಲ್ಲವೇ.

"ಎಲ್ಲಾ ಸರಿಯಾಗೇ ಐತೆ ಕಣ್ರೋ," ಅಂದ ತನಗೆ ತಾನೇ. "ಬಾಯಿ ಮುಚ್ಚಿದ್ದೀರಲ್ಲ! ಈವಮ್ಮನ ಬಾಯಿ ಮುಚ್ಚಿದ್ದನ್ನ ಯಾರಾದ್ರೂ ಕಂಡಿದ್ದೀರಾ?"

ಮಾತು ಮುಗಿಯುವ ಮೊದಲೇ ಅವನ ತೋರುಬೆರಳು ಕಾಡಿಗೆ ಬಟ್ಟಲಲ್ಲಿತ್ತು. ಮಡಕೆಯ ಮೇಲೆ ಅಷ್ಟಗಲ, ಅಂಗುಳು ಕಾಣುವ ಹಾಗೆ ಬಾಯಿ ಬಿಡಿಸಿದ. ಕೆಳತುಟಿಯನ್ನು ಒಂದಿಷ್ಟು ಎಡಕ್ಕೆ ಎಳೆದ. ಹೇಳಲೇಬೇಕು, ಒಳ್ಳೆಯ ಕೈ ಅವನದು. ಅಧ್ಯಕ್ಷನಾಗಿ ಹಾಳಾದ.

ನನ್ನ ಅಂಗಾಲು ಐಸಿಟ್ಟ ಹಾಗೆ ತಣ್ಣಗಾಯಿತು. ಕಾಗೆ ಕಿರುಚಿಕೊಂಡು ಎದ್ದು ಕೆರೆ ದಾಟಿ ಹೋಯಿತು. ಸಣ್ಣಸ್ವಾಮಿ ಬೆರಳನ್ನು ಗೋಣಿತಾಟಿಗೆ ಒರೆಸಿ, "ಹಾಂ, ಈಗ ಸರಿ. ನಾಳೆಯೊಳಗೆ ಕಿತ್ತಾಕಿ" ಅಂತ ಹೇಳಿ ಹೊರಟುಹೋದ. ಕಾಗೆ ಕೂರುವ ಬೊಂಬೆ ಎಲ್ಲಾದರೂ ಕೂಡಿಬರುವುದುಂಟೇ ಅಂತ ಅವನ ಎಣಿಕೆ. ಆ ಕಾಗೆ ಏಕೆ ಹಾರಿತು ಅಂತ ತಿರುಗಿಯೂ ನೋಡಲಿಲ್ಲ. ಯಾರೂ ಅವನಿಗೆ ಒಂದು ಮಾತು ಹೇಳಲಿಲ್ಲ. ಜವರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವನು ತಿದ್ದಲಿ ಅಂತ ನಾನು ಬೇಕೆಂದು ಬಾಯಿ ಮುಚ್ಚಿ ಬರೆದಿರಲಿಲ್ಲ, ದೇವರಾಣೆಗೂ. ನನ್ನ ಬಾಯಿ ಮುಚ್ಚಿರುತ್ತದೆ ಅಂತಲೇ ನಾನು ತಿಳಿದಿದ್ದೆ.

ಬೆಳಿಗ್ಗೆ ಊರಿಗೆ ಊರೇ ಬದುವಿನ ಮೇಲಿತ್ತು. ಔಷಧಿ ಹೊಡೆಯುವವನು ಹೊರಗಿನವನು, ಪಾಪ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಮೂಗಿಗೆ ಟವಲು ಸುತ್ತಿದ್ದ. ಬೊಂಬೆ ಇನ್ನೂ ನಿಂತಿದ್ದನ್ನು ನೋಡಿ ಸಣ್ಣಸ್ವಾಮಿಗೆ ಸಿಟ್ಟು ಬಂತು.

"ಕಿತ್ತಾಕಿ ಅಂತ ಹೇಳಿದ್ನಲ್ಲ!"

"ನಾನು ನಿಂತಿದ್ದೀನಿ," ಅಂದೆ. ಹೋಗಿ ಬೊಂಬೆಯ ಪಕ್ಕದಲ್ಲೇ ನಿಂತೆ. "ಕಾಲು ತಣ್ಣಗೈತೆ. ಬೇಕಾದ್ರೆ ಮುಟ್ಟಿ ನೋಡಿ. ಹೊಡೆಯೋದಾದ್ರೆ ಮೊದಲು ನನ್ನ ಬಾಯಿಗೆ ಹೊಡೀರಿ ಅಂದಿದ್ದೆ, ಈಗ್ಲೂ ಅದೇ ಅಂತೀನಿ."

ಅವನ ಮುಖ ಒಂದು ಕ್ಷಣ ಕಳೆಗುಂದಿತು. ಕೆಟ್ಟವನಲ್ಲ, ಹಟಮಾರಿ. ಅಷ್ಟು ಜನರ ಎದುರಿಗೆ ಹಿಂದೆ ಸರಿಯುವುದು ಹೇಗೆ? "ಎರಡು ದಿನ ಉರಿ ಇರ್ತದೆ, ಆಮೇಲೆ ಜಲ್ಮ ಪೂರ್ತಿ ಆರಾಮ. ಎಲ್ಲರಿಗೂ. ನಿನ್ನೊಬ್ಬಳ ಹಟಕ್ಕೆ ಊರು ನಿಲ್ಲಾಕಾಗಲ್ಲ ಕಣಕ್ಕ" ಅಂದ. ಆಮೇಲೆ ಆ ಆಳಿನ ಕಡೆ ಕೈ ಬೀಸಿ, "ಆ ತುದಿಯಿಂದ ಶುರು ಮಾಡಪ್ಪ" ಅಂದ.

ಪಂಪು ಕಿರುಗುಟ್ಟಿತು. ಮೊದಲ ಹನಿ ಮೂಡಣ ತುದಿಯ ಹುಚ್ಚೆಳ್ಳಿನ ಸಾಲಿಗೆ ಬಿತ್ತು. ನನ್ನ ಎಡಗೆನ್ನೆಗೆ ಯಾರೋ ಸುಣ್ಣದ ನೀರು ಎರಚಿದ ಹಾಗಾಯಿತು. ಕಣ್ಣು ಉರಿದು ಮಂಜಾಯಿತು. ನಾನು ಕಿರುಚಬಾರದು ಅಂತ ಹಲ್ಲು ಕಚ್ಚಿದೆ. ಆಗ ಬದುವಿನ ಮೇಲೆ ಜವರಮ್ಮ ಮೂಗು ಹಿಡಿದುಕೊಂಡು ಕೂತಳು. ಮುದ್ದಯ್ಯ ಎರಡೂ ಕಿವಿ ಮುಚ್ಚಿಕೊಂಡ. ಅವನ ಹೆಂಡತಿ ಹಣೆ ಒತ್ತಿಕೊಂಡಳು. ಮಾಸ್ತಯ್ಯ ಮೊಣಕಾಲು ತಬ್ಬಿಕೊಂಡು ನರಳಿದ. ಆದರೆ ಒಬ್ಬರೂ ಎದ್ದು ಮನೆಗೆ ಹೋಗಲಿಲ್ಲ. ಅವರೆಲ್ಲ ಗೊತ್ತಿದ್ದೇ ಕೈ ಹಾಕಿದವರು. ಅದನ್ನು ನೆನೆದರೆ ಇವತ್ತಿಗೂ ಎದೆ ಉಬ್ಬುತ್ತದೆ.

ಆಳು ಗಾಬರಿಯಾಗಿ ಪಂಪು ನಿಲ್ಲಿಸಿ ಅಧ್ಯಕ್ಷನ ಕಡೆ ನೋಡಿದ. "ಹೊಡೀಲಾ ಸಾರ್?"

ಸಣ್ಣಸ್ವಾಮಿ ಹೊಡಿ ಅನ್ನಲು ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು. ಥೂ ಅಂತ ಉಗಿದ. ಮತ್ತೆ ಮಾತಾಡಲು ಹೋದ, ಮತ್ತೆ ಉಗಿದ. ನಾಲಗೆ ಹೊರಗೆ ಚಾಚಿ ಬಿಳಿ ಅಂಗಿಯ ತೋಳಿನಿಂದ ಉಜ್ಜಿಕೊಂಡ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೇವು, ಹಾಗಲ, ಅದ್ಯಾವುದೂ ಅಲ್ಲದ ಕಹಿ ಅದು. ನನ್ನ ಬಾಯಿಯಲ್ಲೂ ಅದೇ ಇತ್ತು, ನನಗೆ ಗೊತ್ತಿತ್ತು. ಅವನು ನನ್ನನ್ನು ನೋಡಿದ. ನನ್ನ ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದ ಬೆರ್ಚಮ್ಮನನ್ನು ನೋಡಿದ. ಆಮೇಲೆ ನಿಧಾನವಾಗಿ ತನ್ನ ತೋರುಬೆರಳನ್ನು ಎತ್ತಿ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕಾಡಿಗೆ ಇನ್ನೂ ಇತ್ತು.

"ಹೊಡ್ಸಿ ಅಧ್ಯಕ್ಷರೇ," ಅಂದೆ. "ಜಲ್ಮ ಪೂರ್ತಿ ಆರಾಮ."

ಅವನು ಬೇಡ ಅಂತ ಕೈ ಆಡಿಸಿದ. ಹೊರಗಿನಿಂದ ಬಂದ ಆಳು ಡಬ್ಬಿ ಇಳಿಸಿ, ಇದೆಂಥ ಊರು ಅನ್ನುವ ಹಾಗೆ ನಮ್ಮನ್ನೆಲ್ಲ ನೋಡುತ್ತಾ ಹೋದ.

ಔಷಧಿ ಬಿದ್ದ ಆ ತುದಿ ಉಳಿಯಲಿಲ್ಲ. ಹುಚ್ಚೆಳ್ಳಿನ ಮೊಗ್ಗು ಸುಟ್ಟುಹೋಯಿತು, ಜೇನುಹುಳ ಸಾಲಿನ ಬುಡದಲ್ಲಿ ಸತ್ತು ಬಿದ್ದವು. ನನ್ನ ಎಡಗೆನ್ನೆ ಇವತ್ತಿಗೂ ಒಂದು ಕಡೆ ಮರಗಟ್ಟಿದೆ. ನಗುವಾಗ ಬಾಯಿ ಸೊಟ್ಟಗಾಗುತ್ತದೆ, ಆದರೂ ನಗುತ್ತೇನೆ. ಉಳಿದ ಹೊಲ ಉಳಿಯಿತು, ಅದರೊಂದಿಗೆ ನನ್ನ ಉಳಿದ ಬೆರಳುಗಳೂ.

ಆಮೇಲೆ ಒಂದು ದಿನ ಸಣ್ಣಸ್ವಾಮಿ ಮನೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. ಹೆಂಡತಿ ಏನು ಬಡಿಸಿದರೂ ಮಣ್ಣಿನ ರುಚಿಯಂತೆ, ಎರೆಹುಳ ನಾಲಗೆ ಮೇಲೆ ಹರಿದ ಹಾಗಾಗುತ್ತದಂತೆ. "ನನ್ನ ಪಾಲು ತೆಗೆದುಬುಡಕ್ಕ. ಒಂದಿಷ್ಟು ಅಳಿಸಿದ್ರೆ ಆಯ್ತದೆ" ಅಂದ.

"ಅಳಿಸ್ಬೌದು," ಅಂದೆ. "ಆಮ್ಯಾಲೆ ನಿಮ್ಮ ತಮ್ಮನ ಕಾಲಿನಂಗೆ ನಿಮ್ಮ ಬಾಯಿ. ಉಪ್ಪೂ ಇಲ್ಲ, ಖಾರವೂ ಇಲ್ಲ. ಅಳಿಸ್ಲಾ?"

ಅವನು ತಲೆ ಬಗ್ಗಿಸಿದ. ಪಾಪ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. "ಕುಯ್ಲಿನ ತನಕ ನಿಂತಿರಿ ಅಧ್ಯಕ್ಷರೇ. ನಾನೂ ಜೊತೆಗಿದ್ದೀನಿ" ಅಂತ ಹೇಳಿ ಬಾಗಿಲು ಹಾಕಿಕೊಂಡೆ.

ಮಳೆ ಬಂತು. ಅವತ್ತು ಊರಿನ ಅರ್ಧ ಜನ ಮುಖ ಒರೆಸಿಕೊಂಡು ಓಡಾಡಿದರು. ಅಧ್ಯಕ್ಷ ಮಾತ್ರ ಜಗಲಿಯ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದನ್ನು ಜವರಮ್ಮ ಕಣ್ಣಾರೆ ಕಂಡಳಂತೆ. ರಾಗಿ ತೆನೆ ಒಡೆದು ಕಾಳಿಗೆ ಹಾಲು ತುಂಬುವ ದಿನಗಳಲ್ಲಿ ಮೇಲಿನವರು ಬಂದರು. ಕೊಟ್ಟ ಔಷಧಿ ಏಕೆ ಹಾಗೇ ಬಿದ್ದಿದೆ, ಯಂತ್ರ ಏಕೆ ಬಿಚ್ಚಿಲ್ಲ ಅಂತ ಗಿರಣಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೇಳಿದರು. ಎಲ್ಲರೂ ಸಣ್ಣಸ್ವಾಮಿಯ ಮುಖ ನೋಡಿದೆವು. ಅವನು ಎದ್ದು ನಿಂತ. ತುಟಿ ಸವರಿಕೊಂಡ, ಒಮ್ಮೆ ಗುಟುಕರಿಸಿದ. ನನಗೂ ಆ ಹೊತ್ತಿಗೆ ಬಾಯಿ ತುಂಬ ಎಳೆ ರಾಗಿಯ ಸಿಹಿ. ನಾನು ಎಂಥ ಊಟದಲ್ಲೂ ಕಂಡಿಲ್ಲ ಅಂಥ ಸಿಹಿಯನ್ನು.

"ಹೊಡೆಯೋದಾದ್ರೆ," ಅಂದ, ದನಿ ಒಡೆಯಿತು, ಮತ್ತೆ ಶುರು ಮಾಡಿದ. "ಆ ಹೊಲಕ್ಕೆ ಹೊಡೆಯೋದಾದ್ರೆ ಮೊದಲು ನನ್ನ ಬಾಯಿಗೆ ಹೊಡೀರಿ ಸ್ವಾಮಿ."

ಅದು ನನ್ನ ಮಾತು. ಕದ್ದು ಹೇಳಿದ. ನಾನು ಸುಮ್ಮನಿದ್ದೆ, ನನ್ನ ಜೀವಮಾನದಲ್ಲಿ ಮೊದಲ ಸಲ. ಅವನು ಬದಲಾದ ಅಂತ ನಾನು ಹೇಳುವುದಿಲ್ಲ. ಬಾಯಿ ಮತ್ತೆ ಕಹಿಯಾದೀತು ಅನ್ನುವ ಹೆದರಿಕೆ ಇರಬಹುದು. ನನಗೆ ಅಷ್ಟೇ ಸಾಕು. ಒಳ್ಳೆಯವನಾಗು ಅಂತ ನಾನು ಅವನನ್ನು ಕೇಳಿಕೊಂಡಿರಲಿಲ್ಲ. ಕುಯ್ಲಿಗೆ ಮೊದಲು ಬೆರ್ಚಮ್ಮನನ್ನು ತಿರುಗಿಸಿ ಕೊನೆಯ ಸಾಲಿಗೆ ಬೆನ್ನು ಕೊಟ್ಟ ಮಧ್ಯಾಹ್ನ, ಬೊಂಬೆಗೆ ಕೈ ಹಾಕಿದವರೆಲ್ಲ ಇದ್ದಲ್ಲೇ ತೂಕಡಿಸಿದರು. ಅಧ್ಯಕ್ಷ ಕಚೇರಿಯಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಯಾರೂ ಎಬ್ಬಿಸಲಿಲ್ಲ.

ಈಗ ಹೊಸ ವರ್ಷದ ಪೈರು ಮೊಳೆತಿದೆ. ಮೇಲಿನವರು ಬಿಡುವ ಜಾತಿಯಲ್ಲ. ಅಧ್ಯಕ್ಷನ ಮಾತು ಕೇಳುವುದಿಲ್ಲವಂತೆ, ಈ ಸಲ ದೊಡ್ಡ ಸಾಹೇಬರೇ ಖುದ್ದಾಗಿ ಹೊಲ ನೋಡಲು ಬರುತ್ತಾರಂತೆ. ಬರಲಿ. ಈ ವರ್ಷ ಮಾಸ್ತಯ್ಯ ತಾನಾಗಿಯೇ ಬಂದು ನಿಲ್ಲುತ್ತೇನೆ ಅಂದ. ಅವನ ಬೆರ್ಚಪ್ಪನಿಗೆ ಊರೆಲ್ಲ ಸೇರಿ ಕೈ ಹಾಕಿದ್ದೇವೆ. ಬಾಯಿಯನ್ನು ಸಣ್ಣಸ್ವಾಮಿಯೇ ಕೇಳಿ ಪಡೆದು ಬಿಡಿಸಿದ. ಎಲ್ಲ ಸರಿಯಾಗಿದೆ, ಮೂಗು ಒಂದನ್ನು ಬಿಟ್ಟು. ಅದನ್ನು ನಾನು ಬೇಕೆಂದೇ, ನೋಡಿದವರ ಹೊಟ್ಟೆ ತೊಳಸುವಷ್ಟು ಸೊಟ್ಟಗೆ ಬರೆದಿದ್ದೇನೆ. ಸರಿಯಾದ ಮೂಗು ಹೇಗಿರಬೇಕು ಅಂತ ತೋರಿಸಲು ಪಕ್ಕದಲ್ಲೇ ಮಾಸ್ತಯ್ಯ ನಿಂತಿರುತ್ತಾನೆ. ಬೊಂಬೆಯ ಕಾಲ ಬುಡದಲ್ಲಿ ಕಾಡಿಗೆ ಬಟ್ಟಲು ತುಂಬಿಸಿ, ಮುಚ್ಚಳ ತೆಗೆದು ಇಟ್ಟು ಬಂದಿದ್ದೇನೆ. ಹೊರಗಿನವರು ಕಣೇ, ಅವರಿಗೆ ಕೈ ತುರಿಸಲ್ಲ ಅಂತ ಜವರಮ್ಮ ಅನ್ನುತ್ತಾಳೆ. ನೋಡೋಣ. ಆ ಮೂಗು ನೋಡಿಯೂ ತಿದ್ದದೆ ಸುಮ್ಮನೆ ಹೋಗುವವರು ಇನ್ನೂ ಹುಟ್ಟಿಲ್ಲ ಅಂತ ನನ್ನ ನಂಬಿಕೆ.

ಆಗಲೇ ಏರಿಯ ಮೇಲೆ ಜೀಪಿನ ಧೂಳು ಕಾಣುತ್ತಿದೆ. ಮಾಸ್ತಯ್ಯನ ಅಂಗಾಲು ಇನ್ನೂ ಬೆಚ್ಚಗೇ ಇದೆ. ನಾವು ಕಾಯುತ್ತಿದ್ದೇವೆ.